ಮಗುವಿನ ಆಟ: ಕಾಲಹರಣವೇ, ಕಲಿಕೆಯೇ?

ಕೆಲವು ದಿನಗಳ ಹಿಂದೆ ಮಗ್ರಿಬ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ಯುವಕನೊಬ್ಬ ನನ್ನನ್ನು ತಡೆದು ನಿಲ್ಲಿಸಿದ. ಪದ್ಮನಾಭನಗರದಲ್ಲೇ ಸ್ಕೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಶ್ರಮಜೀವಿ. ನಮಾಝ್ ಬಿಡದವನು, ಹೆಂಡತಿ ಮಕ್ಕಳನ್ನು ಪ್ರೀತಿಸುವವನು. ಅವನ ಮುಖ ಬಾಡಿತ್ತು.

"ಚಾಚಾ, ಮಗಳನ್ನು ನರ್ಸರಿಗೆ ಸೇರಿಸಿ ಐದು ತಿಂಗಳಾಯಿತು. ಪ್ರತಿ ತಿಂಗಳೂ ಫೀಸು ಕಟ್ಟುತ್ತಿದ್ದೇನೆ. ಸಂಜೆ ಇವತ್ತು ಏನು ಕಲಿತೆ ಬೇಟಾ ಎಂದು ಕೇಳಿದರೆ ಆಟ ಆಡಿದೆ ಅಬ್ಬಾ ಎನ್ನುತ್ತಾಳೆ. ದಿನವೂ ಅದೇ ಉತ್ತರ. ಪಕ್ಕದ ಮನೆಯ ಹುಡುಗ ಬೇರೆ ಶಾಲೆಗೆ ಹೋಗುತ್ತಾನೆ. ಇವಳಷ್ಟೇ ವಯಸ್ಸು. ನೂರರವರೆಗೆ ಬರೆಯುತ್ತಾನೆ. ನಿನ್ನೆ ರಾತ್ರಿ ನಾನೇ ಅವಳ ಕೈಗೆ ಪೆನ್ಸಿಲ್ ಕೊಟ್ಟು ಕೂರಿಸಿದೆ. ಎಷ್ಟು ಹೇಳಿದರೂ ಬರೆಯಲಿಲ್ಲ. ಸಿಟ್ಟು ಬಂತು, ಕೈಗೆ ಎರಡೇಟು ಕೊಟ್ಟೆ. ಇವತ್ತು ಅಂಗಡಿ ಮುಚ್ಚಿ ಮನೆಗೆ ಹೋದಾಗ ಅವಳು ಬಾಗಿಲಿಗೆ ಓಡಿ ಬರಲಿಲ್ಲ."

ಇಷ್ಟು ಹೇಳಿ ಅವನು ಸುಮ್ಮನಾದ. ಸ್ವಲ್ಪ ಹೊತ್ತಿನ ಬಳಿಕ, "ನಾನು ಶಾಲೆ ಬದಲಿಸಬೇಕೋ, ಬೇಡವೋ?" ಎಂದು ಕೇಳಿದ.

ಆ ಪ್ರಶ್ನೆಗೆ ಮೆಟ್ಟಿಲ ಮೇಲೆ ನಿಂತು ಉತ್ತರಿಸಲು ನನ್ನಿಂದಾಗಲಿಲ್ಲ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ. ಆದರೆ ಇದು ಅವನೊಬ್ಬನ ಪ್ರಶ್ನೆಯಲ್ಲ. ಪದ್ಮನಾಭನಗರವಾಗಲಿ, ಯಾರಬ್ ನಗರವಾಗಲಿ, ಕದಿರೇನಹಳ್ಳಿಯಾಗಲಿ, ಮೂರು ನಾಲ್ಕು ವರ್ಷದ ಮಗುವಿರುವ ಮನೆಗಳಲ್ಲೆಲ್ಲ ಇದು ಕೇಳಿಬರುತ್ತಿದೆ. ಪ್ರಿಯ ಓದುಗರೇ, ಬಹುಶಃ ನಿಮ್ಮ ಮನೆಯಲ್ಲೂ ಕೇಳಿಬಂದಿರಬಹುದು. ಹಾಗಾದರೆ ಇದನ್ನು ಸ್ವಲ್ಪ ತಾಳ್ಮೆಯಿಂದ ಪರಿಶೀಲಿಸೋಣ. ನಮ್ಮ ಧರ್ಮವು ಮಗುವಿನ ಆಟದ ಬಗ್ಗೆ ಏನು ಹೇಳುತ್ತದೆ? ಆಡುತ್ತಿರುವ ಮಗುವಿನೊಳಗೆ ನಿಜವಾಗಿ ಏನು ನಡೆಯುತ್ತಿರುತ್ತದೆ?

ಪ್ರವಾದಿವರ್ಯರ(ಸ) ಮನೆಯಲ್ಲಿ ಆಟ

ಮಾನವಕುಲಕ್ಕೆ ಮಾರ್ಗದರ್ಶನ ನೀಡುವ ಮಹಾ ಹೊಣೆ ಹೊತ್ತಿದ್ದ ಪ್ರವಾದಿ ಮುಹಮ್ಮದ್(ಸ)ರಿಗೆ ಮಕ್ಕಳ ಆಟಕ್ಕೆ ಸಮಯವಿತ್ತೇ? ಇತ್ತು. ಅದೂ ಧಾರಾಳವಾಗಿ ಇತ್ತು.

ಹಝ್ರತ್ ಅನಸ್(ರ)ರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಅವನ ಬಳಿ ಆಟಕ್ಕೆಂದು ಒಂದು ಸಣ್ಣ ಹಕ್ಕಿಯಿತ್ತು. ಪ್ರವಾದಿವರ್ಯರು(ಸ) ಆ ಮನೆಗೆ ಹೋದಾಗಲೆಲ್ಲ ಮಗುವನ್ನು ದೊಡ್ಡವರಂತೆ ಅಬೂ ಉಮೈರ್ ಎಂದೇ ಕರೆದು, ಅವನ ಹಕ್ಕಿಯ ಯೋಗಕ್ಷೇಮ ವಿಚಾರಿಸುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ಒಂದು ರಾಷ್ಟ್ರದ ನಾಯಕರು ಒಬ್ಬ ಮಗುವಿನ ಆಟದ ಹಕ್ಕಿಯನ್ನು ನೆನಪಿಟ್ಟುಕೊಂಡಿದ್ದರು! ನಮ್ಮ ಮಗುವಿನ ಇಷ್ಟದ ಆಟಿಕೆ ಯಾವುದೆಂದು ನಮ್ಮಲ್ಲಿ ಎಷ್ಟು ತಂದೆಯರಿಗೆ ಗೊತ್ತು?

ಹಝ್ರತ್ ಆಯಿಶಾ(ರ)ರು ಗೊಂಬೆಗಳೊಂದಿಗೆ ಆಡುತ್ತಿದ್ದರು. ಗೆಳತಿಯರು ಆಡಲು ಬರುತ್ತಿದ್ದರು. ಪ್ರವಾದಿವರ್ಯರನ್ನು(ಸ) ಕಂಡು ನಾಚಿ ಅಡಗಿಕೊಳ್ಳುವ ಆ ಹುಡುಗಿಯರನ್ನು ಅವರೇ ಮರಳಿ ಆಟಕ್ಕೆ ಕಳುಹಿಸುತ್ತಿದ್ದರು. ಆ ಆಟಿಕೆಗಳ ಪೈಕಿ ರೆಕ್ಕೆಗಳಿರುವ ಒಂದು ಕುದುರೆಯಿತ್ತು ಎಂದು ಅಬೂ ದಾವೂದ್‌ನಲ್ಲಿದೆ. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿವರ್ಯರು(ಸ) ಕೇಳಿದಾಗ, ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದವೆಂದು ನೀವು ಕೇಳಿಲ್ಲವೇ ಎಂದು ಆಯಿಶಾ(ರ) ಮರುನುಡಿದರು. ಪ್ರವಾದಿವರ್ಯರು(ಸ) ಮನಸಾರೆ ನಕ್ಕರು. ಗಮನಿಸಿ, ಅವರು ಆ ಕಲ್ಪನೆಯನ್ನು ತಿದ್ದಲಿಲ್ಲ, ಗದರಿಸಲಿಲ್ಲ. ಮಕ್ಕಳ ಗೊಂಬೆಗಳಿಗೆ ಬಹುತೇಕ ವಿದ್ವಾಂಸರು ರಿಯಾಯಿತಿ ನೀಡಿರುವುದು ಈ ಹದೀಸ್‌ಗಳ ಆಧಾರದಿಂದಲೇ.

ಇನ್ನೊಂದು ಘಟನೆ. ಸಾಮೂಹಿಕ ನಮಾಝ್ ನಡೆಯುತ್ತಿದೆ. ಪ್ರವಾದಿವರ್ಯರು(ಸ) ಸುಜೂದ್‌ನಲ್ಲಿದ್ದಾರೆ. ಸುಜೂದ್ ದೀರ್ಘವಾಗುತ್ತಲೇ ಹೋಯಿತು. ಏನೋ ಅನಾಹುತವಾಗಿರಬೇಕು ಅಥವಾ ದಿವ್ಯವಾಣಿ ಅವತೀರ್ಣವಾಗುತ್ತಿರಬೇಕು ಎಂದು ಜನ ಭಾವಿಸಿದರು. ನಮಾಝ್ ಮುಗಿದ ಮೇಲೆ ಕಾರಣ ತಿಳಿಯಿತು. ಮೊಮ್ಮಗು ಬೆನ್ನೇರಿ ಕುಳಿತಿತ್ತು. ಅದರ ಮನ ತಣಿಯುವ ಮುನ್ನ ಅವಸರದಿಂದ ಇಳಿಸಲು ಅವರಿಗೆ ಇಷ್ಟವಾಗಲಿಲ್ಲ. ನಸಾಈ ಗ್ರಂಥದಲ್ಲಿರುವ ಈ ಘಟನೆಯನ್ನು ನಾವು ಎಷ್ಟೋ ಬಾರಿ ಕೇಳಿ ಮೆಚ್ಚಿದ್ದೇವೆ. ಆದರೆ ನಮ್ಮ ಮಗು ಜಾನಮಾಝಿನ ಅಂಚು ಎಳೆದರೆ ನಮಗೆ ಸಿಟ್ಟು ಬರುತ್ತದೆ!

ಹಝ್ರತ್ ಅನಸ್(ರ)ರು ಹೇಳಿದ ಒಂದು ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. ಪ್ರವಾದಿವರ್ಯರು(ಸ) ಅವರನ್ನು ಒಂದು ಕೆಲಸಕ್ಕೆ ಕಳುಹಿಸಿದ್ದರು. ದಾರಿಯಲ್ಲಿ ಹುಡುಗರು ಆಡುತ್ತಿದ್ದರು. ಅನಸ್ ಅಲ್ಲೇ ನಿಂತುಬಿಟ್ಟರು. ಹಿಂದಿನಿಂದ ಯಾರೋ ಬಂದು ಕತ್ತು ಹಿಡಿದರು. ತಿರುಗಿ ನೋಡಿದರೆ ಪ್ರವಾದಿವರ್ಯರು(ಸ), ಅದೂ ನಗುತ್ತಾ! ಹತ್ತು ವರ್ಷ ಸೇವೆ ಮಾಡಿದರೂ ಒಮ್ಮೆಯೂ ಅವರಿಂದ ಬೇಸರದ ಒಂದು ಉದ್ಗಾರ ಕೇಳಲಿಲ್ಲವೆಂದು ಅದೇ ಅನಸ್(ರ) ಸಾಕ್ಷ್ಯ ನುಡಿದಿದ್ದಾರೆ.

ಏಳಕ್ಕೆ ಮುಂಚಿನ ವರ್ಷಗಳು

ಈಗ ಒಂದು ಮುಖ್ಯ ವಿಷಯವನ್ನು ಆಲೋಚಿಸಿ. ವಿಶ್ವಾಸಿಯ ಬದುಕಿನಲ್ಲಿ ನಮಾಝಿಗಿಂತ ಮಿಗಿಲಾದ ಕರ್ತವ್ಯವಿದೆಯೇ? ಆದರೂ ಮಕ್ಕಳಿಗೆ ನಮಾಝ್ ಮಾಡಲು ಆದೇಶಿಸುವ ವಯಸ್ಸನ್ನು ಪ್ರವಾದಿವರ್ಯರು(ಸ) ಏಳೆಂದು ನಿಗದಿಪಡಿಸಿದರು. ಕಟ್ಟುನಿಟ್ಟಿನ ಮಾತು ಬರುವುದು ಹತ್ತನೇ ವಯಸ್ಸಿಗೆ. ನಡುವೆ ಮೂರು ವರ್ಷಗಳಿವೆ. ದಿನಕ್ಕೆ ಐದು ಹೊತ್ತಿನಂತೆ ಲೆಕ್ಕ ಹಾಕಿದರೆ 5,000ಕ್ಕೂ ಹೆಚ್ಚು ಬಾರಿ ತಂದೆ-ತಾಯಿ ಪ್ರೀತಿಯಿಂದ ಕರೆಯಬೇಕು. ಅಷ್ಟಾದ ಮೇಲೆ ಕಟ್ಟುನಿಟ್ಟು.

ಸೃಷ್ಟಿಕರ್ತನ ಮುಂದೆ ನಿಲ್ಲಬೇಕೆಂಬ ಆದೇಶವೇ ಏಳನೇ ವಯಸ್ಸಿನವರೆಗೆ ಕಾಯುವುದಾದರೆ, ನೂರರವರೆಗೆ ಅಂಕಿ ಬರೆಯಬೇಕೆಂಬ ನಮ್ಮ ಆದೇಶಕ್ಕೆ ಮೂರೂವರೆ ವರ್ಷದ ಮಗುವಿನ ಮೇಲೆ ಇಷ್ಟೊಂದು ಅವಸರವೇಕೆ?

ಹಾಗೆಂದು ಏಳಕ್ಕೆ ಮುಂಚೆ ಮಗು ಏನೂ ಕಲಿಯುವುದಿಲ್ಲ ಎಂದರ್ಥವಲ್ಲ. ಎರಡು ವರ್ಷದ ಮಗು ಅಮ್ಮಿಯ ದುಪಟ್ಟಾ ತಲೆಗೆ ಸುತ್ತಿಕೊಂಡು, ಪಕ್ಕದಲ್ಲಿ ನಿಂತು ಬಾಗುವುದನ್ನು ನೀವು ನೋಡಿಲ್ಲವೇ? ಅದು ಆಟ. ಆದರೆ ಅದೇ ಆ ಮಗುವಿನ ಮೊದಲ ನಮಾಝ್ ಕೂಡಾ. ಯಾರೂ ಬೆತ್ತ ಹಿಡಿದು ಕಲಿಸಲಿಲ್ಲ. ಅದು ಪ್ರೀತಿಸುವವರನ್ನು ನೋಡಿತು, ಅನುಕರಿಸಿತು. ಅಲ್ಲಾಹನು ಮಗುವಿನ ಪ್ರಕೃತಿಯಲ್ಲೇ ಕಲಿಯುವ ದಾರಿಯೊಂದನ್ನು ಇಟ್ಟಿದ್ದಾನೆ. ಆ ದಾರಿಯ ಹೆಸರೇ ಆಟ.

ಸಹಾಬಿ ಮಹಿಳೆಯರು ಇದನ್ನು ಚೆನ್ನಾಗಿ ಅರಿತಿದ್ದರು. ಆಶೂರಾ ಉಪವಾಸದ ದಿನ ಮಕ್ಕಳಿಗೂ ಉಪವಾಸದ ಅಭ್ಯಾಸ ಮಾಡಿಸುವಾಗ ಉಣ್ಣೆಯ ಆಟಿಕೆಗಳನ್ನು ತಯಾರಿಸಿಟ್ಟುಕೊಳ್ಳುತ್ತಿದ್ದೆವು, ಹಸಿವಿನಿಂದ ಅತ್ತ ಮಗುವಿಗೆ ಅದನ್ನು ಕೊಡುತ್ತಿದ್ದೆವು ಎಂದು ರುಬಯ್ಯಿಅ್(ರ) ಎಂಬ ಸಹಾಬಿ ಮಹಿಳೆ ತಿಳಿಸಿದ್ದಾರೆ. ಬುಖಾರಿಯಲ್ಲಿ ಇದು ವರದಿಯಾಗಿದೆ. ಆರಾಧನೆಯ ತರಬೇತಿಯಲ್ಲೂ ಆಟಿಕೆಗೆ ಸ್ಥಾನವಿತ್ತು.

ಒಂದು ಸಂಶಯ

ಕೆಲವರು ಕೇಳಬಹುದು: ಇಹಲೋಕ ಜೀವನವು ಬರೀ ಆಟ ವಿನೋದವೆಂದು ಕುರ್‌ಆನ್ ಎಚ್ಚರಿಸಿದೆಯಲ್ಲವೇ? ಹೌದು, ಎಚ್ಚರಿಸಿದೆ. ಆದರೆ ಯಾರನ್ನು? ಸಂಪತ್ತು, ಸಂತಾನ, ಬಡಾಯಿಯ ಪೈಪೋಟಿಯಲ್ಲಿ ಪರಲೋಕವನ್ನು ಮರೆತಿರುವ ದೊಡ್ಡವರನ್ನು. ನಾಲ್ಕು ವರ್ಷದ ಮಗುವನ್ನಲ್ಲ. ಯೂಸುಫ್(ಅ)ರ ವೃತ್ತಾಂತವನ್ನು ನೆನಪಿಸಿಕೊಳ್ಳಿ. ತಮ್ಮನನ್ನು ನಮ್ಮೊಂದಿಗೆ ಕಳುಹಿಸಿ, ತಿಂದು ಆಡಿಕೊಂಡಿರಲಿ ಎಂದು ಅಣ್ಣಂದಿರು ಕೇಳಿದರು. ತಂದೆ ಯಾಕೂಬ್(ಅ) ಓರ್ವ ಪ್ರವಾದಿ. ತೋಳ ತಿಂದೀತು ಎಂದು ಅವರು ಹೆದರಿದರೇ ಹೊರತು ಆಟವೇ ಸಲ್ಲದು ಎನ್ನಲಿಲ್ಲ.

ಇಂದು ನಿಜವಾದ ಪೈಪೋಟಿಯಲ್ಲಿ ಬಿದ್ದಿರುವವರು ನಾವು. ಪಕ್ಕದ ಮನೆಯ ಹುಡುಗ ನೂರರವರೆಗೆ ಬರೆಯುತ್ತಾನೆಂಬ ಸಂಕಟ ಮಗುವಿನದಲ್ಲ, ತಂದೆಯದು. ಸಂತಾನದ ಹೆಚ್ಚಳದಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಹಂಬಲವನ್ನು ಕುರ್‌ಆನ್ ಎಣಿಸಿ ಹೇಳಿದೆ. ಮಗುವಿನ ಅಂಕಪಟ್ಟಿಯಲ್ಲಿ ಮೀರಿಸುವ ಹಂಬಲವೂ ಅದೇ ಜಾತಿಯದಲ್ಲವೇ?

ನರ್ಸರಿಯಲ್ಲಿ ಏನು ನಡೆಯುತ್ತದೆ?

ಈಗ ಯುವಕನ ಮಗಳ ನರ್ಸರಿಯೊಳಗೆ ಹೋಗಿ ನೋಡೋಣ. ಬಾಡಿಗೆ ಮನೆಯ ನೆಲಮಹಡಿ. ಒಂದು ಮೂಲೆಯಲ್ಲಿ ಮರಳಿನ ತೊಟ್ಟಿ, ಇನ್ನೊಂದು ಕಡೆ ಮರದ ತುಂಡುಗಳು, ಮಣಿಗಳು, ಹಿಟ್ಟು ಕಲಸಿದ ಬಣ್ಣದ ಉಂಡೆ, ಹಳೆಯ ಪಾತ್ರೆಗಳು. ಮಕ್ಕಳು ಆಡುತ್ತಿದ್ದಾರೆ. ಕಾಲಹರಣದಂತೆಯೇ ಕಾಣುತ್ತದೆ.

ಆ ಹಿಟ್ಟಿನ ಉಂಡೆಯನ್ನು ಒತ್ತಿ, ಹಿಸುಕಿ, ಉದ್ದ ಮಾಡುವ ಮಗುವಿನ ಬೆರಳುಗಳನ್ನು ನೋಡಿ. ಪೆನ್ಸಿಲ್ ಹಿಡಿಯಲು ಬೇಕಾದ ಸ್ನಾಯುಗಳು ಅಲ್ಲಿ ಬಲಗೊಳ್ಳುತ್ತಿವೆ. ದಾರಕ್ಕೆ ಮಣಿ ಪೋಣಿಸುವಾಗ ಕಣ್ಣು ಮತ್ತು ಕೈ ಒಟ್ಟಿಗೆ ಕೆಲಸ ಮಾಡಲು ಕಲಿಯುತ್ತವೆ. ಮೂರೂವರೆ ವರ್ಷದ ಕೈಯಲ್ಲಿ ಮೂಳೆಗಳೂ ಸ್ನಾಯುಗಳೂ ಇನ್ನೂ ಬಲಿಯುತ್ತಿರುತ್ತವೆ. ಆ ಮಗಳು ಬರೆಯಲಿಲ್ಲ ಎಂದು ಅವನು ಹೊಡೆದನಲ್ಲ, ಅದು ಹಟವಾಗಿರದೆ ಇರಬಹುದು. ಕೈಗೆ ಇನ್ನೂ ಆ ಶಕ್ತಿ ಬಂದಿರಲಿಲ್ಲ, ಅಷ್ಟೇ. ನಡೆಯಲು ಬಾರದ ಹಸುಳೆಯನ್ನು ಓಡಲಿಲ್ಲವೆಂದು ಯಾರಾದರೂ ಹೊಡೆಯುತ್ತಾರೆಯೇ?

ಮರದ ತುಂಡುಗಳನ್ನು ಒಂದರ ಮೇಲೊಂದು ಇಡುವ ಹುಡುಗನನ್ನು ನೋಡಿ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ. ಉಲ್ಟಾ ಇಟ್ಟರೆ ಬೀಳುತ್ತದೆ. ತೂಕ, ಅಳತೆ, ಕಾರಣ, ಪರಿಣಾಮ ಎಲ್ಲವನ್ನೂ ಅವನು ಕೈಯಿಂದ ಓದುತ್ತಿದ್ದಾನೆ. ಐದು ಸಲ ಬಿದ್ದರೂ ಆರನೆಯ ಸಲ ಕಟ್ಟುತ್ತಾನೆ. ನಾವು ದೊಡ್ಡವರಿಗೆ ಸಬ್ರ್ ಬಗ್ಗೆ ಜುಮಾ ದಿನ ಪ್ರವಚನ ನೀಡುತ್ತೇವೆ. ಅವನು ಅದನ್ನು ಮಾಡಿ ತೋರಿಸುತ್ತಿದ್ದಾನೆ.

ಹಳೆಯ ಪಾತ್ರೆಗಳ ಮೂಲೆಯಲ್ಲಿ ಅಡುಗೆ ಆಟ ನಡೆಯುತ್ತಿದೆ. ಒಬ್ಬಳು ಅಮ್ಮಿ, ಒಬ್ಬಳು ದಾದಿ, ಒಬ್ಬ ಅತಿಥಿ. ಚಹಾ ಇಲ್ಲದ ಲೋಟವನ್ನು ಅತಿಥಿ ಊದಿ ಕುಡಿಯುತ್ತಾನೆ. ದಾದಿಯಾದವಳು ದಾದಿಯಂತೆಯೇ ಮಾತನಾಡುತ್ತಾಳೆ. ಇದರಿಂದ ಭಾಷೆ ಬೆಳೆಯುತ್ತದೆ. ಅದಕ್ಕಿಂತ ಮಿಗಿಲಾಗಿ, ಇನ್ನೊಬ್ಬರ ಜಾಗದಲ್ಲಿ ನಿಂತು ಆಲೋಚಿಸುವುದನ್ನು ಮಗು ಕಲಿಯುತ್ತದೆ. ತನಗೆ ಇಷ್ಟವಾದುದನ್ನು ತನ್ನ ಸಹೋದರನಿಗೂ ಬಯಸುವುದು ವಿಶ್ವಾಸದ ಭಾಗವೆಂದು ನಾವು ಕಲಿತಿದ್ದೇವೆ. ಸಹೋದರನಿಗೆ ಏನಿಷ್ಟ ಎಂದು ಊಹಿಸಲೇ ಬಾರದವನು ಅದನ್ನು ಪಾಲಿಸುವುದು ಹೇಗೆ?

ಜಾರುಬಂಡೆ ಒಂದೇ ಇದೆ, ಮಕ್ಕಳು ಹತ್ತು ಮಂದಿ. ಸರದಿ ಕಾಯಬೇಕು. ಆಸೆ ತಡೆದು ಕಾಯುವ ಈ ಎರಡು ನಿಮಿಷ ಮುಂದೆ ಉಪವಾಸ ಹಿಡಿಯಲಿರುವ ಮನಸ್ಸಿಗೆ ಮೊದಲ ಅಭ್ಯಾಸ. ಇನ್ನೊಬ್ಬಳ ಗೊಂಬೆ ಹಿಂದಿರುಗಿಸುವುದು ಅಮಾನತ್. ಆಟ ಮುಗಿದ ಮೇಲೆ ಎಲ್ಲವನ್ನೂ ಬುಟ್ಟಿಗೆ ತುಂಬಿಡುವುದು ಶಿಸ್ತು. ಬಿದ್ದವನನ್ನು ಎಬ್ಬಿಸುವುದು ಕರುಣೆ. ಇಷ್ಟೆಲ್ಲ ಪಾಠಗಳಾಗಿವೆ. ಆದರೆ ಸಂಜೆ ಮಗು ಒಂದೇ ಮಾತಿನಲ್ಲಿ ಹೇಳುತ್ತದೆ, "ಆಟ ಆಡಿದೆ ಅಬ್ಬಾ."

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮಕ್ಕಳನ್ನು ಕೋಣೆಯಲ್ಲಿ ಬಿಟ್ಟು ಟೀಚರ್ ಮೊಬೈಲ್ ನೋಡುತ್ತಾ ಕೂರುವುದು ಆಟದ ಶಿಕ್ಷಣವಲ್ಲ. ಒಳ್ಳೆಯ ಟೀಚರ್ ಮಕ್ಕಳ ಮಟ್ಟಕ್ಕೆ ನೆಲದ ಮೇಲೆ ಕೂರುತ್ತಾರೆ. ಯಾವ ಮಗು ಗುಂಪಿನಿಂದ ದೂರವಿದೆ, ಯಾರಿಗೆ ಮಾತು ತಡವರಿಸುತ್ತಿದೆ ಎಂದು ಗಮನಿಸುತ್ತಾರೆ. ಸರಿಯಾದ ಹೊತ್ತಿಗೆ ಒಂದು ಪ್ರಶ್ನೆ ಕೇಳುತ್ತಾರೆ: ಇನ್ನೆಷ್ಟು ಲೋಟ ಬೇಕು? ಈ ಮನೆಗೆ ಬಾಗಿಲೆಲ್ಲಿ? ಆಮೇಲೆ ಸುಮ್ಮನಾಗಿ ಮಗುವನ್ನು ಯೋಚಿಸಲು ಬಿಡುತ್ತಾರೆ.

ಬಲ್ಲವರು ಹೇಳಿದ್ದು

ಇದು ಪಾಶ್ಚಾತ್ಯರ ಹೊಸ ಫ್ಯಾಷನ್ ಎಂದು ಯಾರೂ ಭಾವಿಸಬೇಕಾಗಿಲ್ಲ. ಜರ್ಮನಿಯ ಫ್ರೋಬೆಲ್ ಚಿಕ್ಕ ಮಕ್ಕಳಿಗಾಗಿ ಆಟದ ಶಾಲೆ ಆರಂಭಿಸಿದ್ದು 1837ರಲ್ಲಿ. ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಅವರು ಅದಕ್ಕೆ ಹೆಸರಿಟ್ಟರು. ಆದರೆ ಅದಕ್ಕೂ 700 ವರ್ಷಗಳಿಗಿಂತ ಮುಂಚೆ, 1111ರಲ್ಲಿ ನಿಧನರಾದ ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಇದನ್ನು ವಿವರಿಸಿದ್ದರು. ಪಾಠ ಮುಗಿಸಿದ ಮಗುವಿಗೆ ಆಯಾಸ ಪರಿಹಾರವಾಗುವಂತಹ ಒಳ್ಳೆಯ ಆಟಕ್ಕೆ ಅನುಮತಿ ಇರಬೇಕು, ಆಟವನ್ನು ತಡೆದು ಸದಾ ಪಾಠದ ಭಾರ ಹೇರಿದರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮಂದವಾಗುತ್ತದೆ ಎಂಬುದು ಅವರ ಮಾತಿನ ಸಾರಾಂಶ. 14ನೇ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ಇನ್ನೂ ಮುಂದೆ ಹೋದರು. ಕಠೋರತೆಯಿಂದ ಬೆಳೆದ ಮಗು ಹೆದರಿಕೆಯಿಂದ ಸುಳ್ಳು ಮತ್ತು ಕಪಟ ಕಲಿಯುತ್ತದೆ, ಕ್ರಮೇಣ ಅದೇ ಅದರ ಸ್ವಭಾವವಾಗಿಬಿಡುತ್ತದೆ ಎಂದು ಅವರು ಎಚ್ಚರಿಸಿದರು.

ನಮ್ಮ ದೇಶದಲ್ಲೂ ಈ ಎಚ್ಚರಿಕೆ ಕೇಳಿಬರುತ್ತಲೇ ಇದೆ. ಮೈಸೂರಿನಲ್ಲಿ ನೆಲೆಸಿದ್ದ ಸಾಹಿತಿ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಕ್ಕಳ ಪುಸ್ತಕಚೀಲದ ಭಾರದ ಬಗ್ಗೆ ಮಾತನಾಡಿ ಇಡೀ ದೇಶದ ಗಮನ ಸೆಳೆದರು. ಬಳಿಕ ವಿಜ್ಞಾನಿ ಯಶ್ ಪಾಲ್ ನೇತೃತ್ವದ ಸಮಿತಿಯು 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಕುರಿತು ವರದಿ ನೀಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆ-ತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿತು. ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಗುವಿನ ಮೆದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆಂದು ಹೇಳಿ, 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತವಾಗಿ ಪರಿಗಣಿಸಿತು. 2022ರಲ್ಲಿ ಈ ಹಂತಕ್ಕಾಗಿ ಹೊರಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ಕೇಂದ್ರದಲ್ಲಿಟ್ಟಿದೆ. ಮಗುವಿನ ಮನೆಮಾತಿನಲ್ಲೇ ಕಲಿಸಬೇಕೆಂದೂ ಹೇಳಿದೆ. ಮನೆಯಲ್ಲಿ ಉರ್ದು, ಬ್ಯಾರಿ, ನವಾಯತಿ ಅಥವಾ ಕನ್ನಡ ಯಾವುದೇ ಇರಲಿ, ಮಗು ಆಡುವುದು ಆ ಭಾಷೆಯಲ್ಲೇ. ಅದನ್ನು ಕೀಳೆಂದು ತಡೆಯಬೇಡಿ.

ದುಡ್ಡಿದ್ದವರಿಗೆ ಮಾತ್ರ ಇದೆಲ್ಲ ಎಂದುಕೊಳ್ಳಬೇಡಿ. ಅಂಗನವಾಡಿಗಳ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದಾಗಿತ್ತು. ಇಂದಿಗೂ ಅಂಗನವಾಡಿಯಲ್ಲಿ ಮಗು ಹಾಡು, ಕಥೆ, ಆಟಗಳ ಮೂಲಕವೇ ಕಲಿಯುತ್ತದೆ. ಊಟವೂ ಸಿಗುತ್ತದೆ. ಫೀಸು ಕಟ್ಟಲಾಗದವರು ಸಂಕೋಚಪಡಬೇಕಾಗಿಲ್ಲ.

ಕೈಗೆ ಯಾವ ಆಟಿಕೆ?

ಇಲ್ಲೇ ಮೈಸೂರು ರಸ್ತೆಯಲ್ಲಿ 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ ಸಿಗುತ್ತದೆ. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಅಲ್ಲಿ ಬೊಂಬೆ ಕಲೆಗೆ ನೆಲೆ ಒದಗಿಸಿದರೆಂಬ ಪ್ರತೀತಿ ಇದೆ. ಆ ಕಲೆಗೆ ಹೊಸ ಜೀವ ಕೊಟ್ಟವರೆಂದು ಬಾವಾಸ್ ಮಿಯಾನ್ ಎಂಬವರನ್ನು ಊರು ಇಂದಿಗೂ ಸ್ಮರಿಸುತ್ತದೆ. ಆಲೆ ಮರವನ್ನು ಲೇತ್ ಯಂತ್ರದಲ್ಲಿ ತಿರುಗಿಸಿ, ಬಣ್ಣ ಬೆರೆಸಿದ ಅರಗನ್ನು ಒತ್ತಿ ಹಿಡಿದು ಹೊಳಪು ಕೊಡುತ್ತಾರೆ. ಆ ಕೈಗಳಲ್ಲಿ ನಮ್ಮ ಸಮುದಾಯದ ಅನೇಕರ ಕೈಗಳೂ ಇವೆ. ತರಕಾರಿ ಬಣ್ಣ ಹಾಕಿದ ಗಿಲಕಿ, ಬುಗುರಿ, ಉಂಗುರಗಳ ಗೋಪುರ ಇವುಗಳಿಗೆ ಬ್ಯಾಟರಿ ಬೇಡ. ಆಟವನ್ನು ಮಗುವೇ ಕಟ್ಟಬೇಕು. ಅದೇ ಅವುಗಳ ಗುಣ.

ಅದೂ ಬೇಡವಾದರೆ ಮನೆಯಲ್ಲೇ ಎಷ್ಟಿಲ್ಲ? ಹಳೆಯ ಡಬ್ಬಿಗಳು, ಹುಣಸೆಬೀಜ, ಬಟ್ಟೆಯ ಚೂರುಗಳು, ಖಾಲಿ ಪೆಟ್ಟಿಗೆ ಸಾಕು. ಸಣ್ಣ ಬೀಜಗಳನ್ನು ಕೊಡುವಾಗ ಮಗು ಬಾಯಿಗೋ ಮೂಗಿಗೋ ಹಾಕಿಕೊಳ್ಳದಂತೆ ಪಕ್ಕದಲ್ಲೇ ಇರಿ.

ಆದರೆ ಇಂದು ಮಗುವಿನ ಕೈಗೆ ಮೊದಲು ಸಿಗುವುದು ಯಾವುದು? ಮೊಬೈಲ್ ಫೋನ್. ಊಟ ಮಾಡಿಸಲು ಮೊಬೈಲ್, ಅಳು ನಿಲ್ಲಿಸಲು ಮೊಬೈಲ್. 3 ಮತ್ತು 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು, ಮೂರು ಗಂಟೆಯಾದರೂ ಮೈ ಅಲುಗಿಸಿ ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಒಂದು ವರ್ಷ ತುಂಬದ ಹಸುಳೆಗೆ ಪರದೆಯೇ ಬೇಡ. ಪರದೆಯ ಮುಂದೆ ಮಗು ಆಡುವುದಿಲ್ಲ, ಬೇರೆಯವರು ಆಡುವುದನ್ನು ನೋಡುತ್ತದೆ. ಅಲ್ಲಿ ಸರದಿ ಕಾಯಬೇಕಾಗಿಲ್ಲ, ಯಾರೊಂದಿಗೂ ಹಂಚಿಕೊಳ್ಳಬೇಕಾಗಿಲ್ಲ, ಬಿದ್ದುದನ್ನು ಮತ್ತೆ ಕಟ್ಟಬೇಕಾಗಿಲ್ಲ.

ನನ್ನದೊಂದು ತಪ್ಪೊಪ್ಪಿಗೆ

ಯುವಕನಿಗೆ ತಕ್ಷಣ ಉತ್ತರಿಸಲು ಆಗಲಿಲ್ಲವೆಂದು ಹೇಳಿದೆನಲ್ಲ, ಅದರ ಕಾರಣ ಇದು. ನನ್ನ ಹಿರಿಯ ಮಗನಿಗೆ ನಾಲ್ಕು ತುಂಬಿದಾಗ ಅವನನ್ನು ಹಾಫಿಝ್ ಮಾಡಬೇಕೆಂದು ಮನಸ್ಸು ಮಾಡಿದೆ. ಫಜ್ರ್ ಬಳಿಕ ಕಾಯಿದಾ ಹಿಡಿದು ಕೂರಿಸುತ್ತಿದ್ದೆ. ಪಕ್ಕದಲ್ಲಿ ಒಂದು ಕೋಲಿರುತ್ತಿತ್ತು. ಹೊರಗೆ ಹುಡುಗರು ಗೋಲಿ ಆಡುವ ಸದ್ದು ಕೇಳಿ ಅವನು ಕಿಟಕಿಯತ್ತ ತಿರುಗಿದರೆ ಕೋಲು ಎತ್ತುತ್ತಿದ್ದೆ. ಅವನು ಕೆಲವು ಸೂರಾಗಳನ್ನು ಬಾಯಿಪಾಠ ಮಾಡಿದ. ನಾಲ್ಕು ಜನರ ಮುಂದೆ ಓದಿಸಿ ಹೆಮ್ಮೆಪಟ್ಟೆ. ಆದರೆ ಬಹಳ ವರ್ಷಗಳವರೆಗೆ ಕುರ್‌ಆನ್ ತೆರೆದಾಗಲೆಲ್ಲ ಅವನ ಕಣ್ಣು ಮೊದಲು ನನ್ನ ಕೈಯನ್ನು ಹುಡುಕುತ್ತಿತ್ತು. ಅಲ್ಲಾಹನ ಗ್ರಂಥವನ್ನು ನನ್ನ ಮಗನಿಗೆ ಭಯದ ಜೊತೆ ಸೇರಿಸಿ ಕೊಟ್ಟವನು ನಾನು.

ಅವನು ಬೆಳೆದು ಮದುವೆಯಾಗಿ ತಂದೆಯಾದ. ಒಂದು ದಿನ ತನ್ನ ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಸಣ್ಣ ಸೂರಾ ಒಂದನ್ನು ಹಾಡಿನಂತೆ ಹೇಳಿಸುತ್ತಿದ್ದ. ಅವಳು ನಗುತ್ತಾ ಹೇಳುತ್ತಿದ್ದಳು. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಆ ರಾತ್ರಿಯೇ ಅವನ ಬಳಿ ಮಾಫಿ ಕೇಳಿದೆ. ಅವನು ನನ್ನ ಕೈ ಹಿಡಿದುಕೊಂಡು, "ಬಿಡಿ ಅಬ್ಬಾ" ಎಂದಷ್ಟೇ ಹೇಳಿದ.

ಕುರ್‌ಆನ್ ಕಲಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಖಂಡಿತ ಕಲಿಸಿ, ಬೇಗನೆ ಕಲಿಸಿ. ಆದರೆ ಕೇಳಿಸಿ ಕಲಿಸಿ, ಹಾಡಿಸಿ ಕಲಿಸಿ, ಮಡಿಲಲ್ಲಿ ಕೂರಿಸಿ ಕಲಿಸಿ. ಹತ್ತು ಮಕ್ಕಳಿದ್ದೂ ಒಬ್ಬರನ್ನೂ ಚುಂಬಿಸಿಲ್ಲವೆಂದ ಅಕ್ರಅ್‌ರಿಗೆ ಪ್ರವಾದಿವರ್ಯರು(ಸ) ಹೇಳಿದ್ದನ್ನು ಮರೆಯದಿರಿ. ಕರುಣೆ ತೋರದವನಿಗೆ ಕರುಣೆ ಸಿಗದು ಎಂಬುದು ಅದರ ತಾತ್ಪರ್ಯ.

ನಾವು ಮಾಡಬೇಕಾದುದು

ನರ್ಸರಿ ಆರಿಸುವಾಗ ಗೋಡೆಯ ಮೇಲಿನ ಜಾಹೀರಾತು ನೋಡಬೇಡಿ. ತರಗತಿ ನಡೆಯುವ ಹೊತ್ತಿಗೆ ಹೋಗಿ ಹತ್ತು ನಿಮಿಷ ನಿಂತು ನೋಡಿ. ಮಕ್ಕಳ ಮಾತು ಕೇಳಿಬರುತ್ತಿದೆಯೇ, ಅಥವಾ ಟೀಚರ್ ದನಿಯೊಂದೇ ಕೇಳುತ್ತಿದೆಯೇ? ಓಡಲು ಸ್ವಲ್ಪವಾದರೂ ಜಾಗವಿದೆಯೇ? ಆಟಿಕೆಗಳು ಮಕ್ಕಳ ಕೈಗೆ ಎಟಕುವಲ್ಲಿವೆಯೇ, ಅಥವಾ ಗಾಜಿನ ಕಪಾಟಿನಲ್ಲಿವೆಯೇ? ಶೌಚಾಲಯ ಶುಚಿಯಾಗಿದೆಯೇ? ಅತ್ತ ಮಗುವನ್ನು ಎತ್ತಿಕೊಳ್ಳುವವರು ಇದ್ದಾರೆಯೇ?

ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಮಗುವಿಗೆಂದು ಮೀಸಲಿಡಿ. ಈ ಮಾತು ವಿಶೇಷವಾಗಿ ತಂದೆಯರಿಗೆ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಏನು ಆಡಬೇಕೆಂದು ಮಗುವೇ ಹೇಳಲಿ. 20 ಅಡಿ ಅಗಲದ ಸೈಟಿನ ಮೂರನೇ ಮಹಡಿಯಲ್ಲಿ ಅಂಗಳವಿಲ್ಲ, ನಿಜ. ಆದರೆ ಅಸರ್ ಮತ್ತು ಮಗ್ರಿಬ್ ನಡುವೆ ಮಗುವಿನ ಕೈ ಹಿಡಿದು ಹತ್ತಿರದ ಉದ್ಯಾನಕ್ಕೆ ಹೋಗಲು ಅಡ್ಡಿಯೇನು? ಹೆಣ್ಣುಮಗುವನ್ನೂ ಓಡಲು ಬಿಡಿ. ಅವಳ ಕಾಲುಗಳನ್ನೂ ಅಲ್ಲಾಹನೇ ಕೊಟ್ಟಿದ್ದಾನೆ.

ಸಂಜೆ ಮಗುವನ್ನು ಏನು ಕಲಿತೆ ಎಂದು ಕೇಳುವ ಬದಲು, ಯಾರೊಂದಿಗೆ ಆಡಿದೆ, ಏನಾಯಿತು ಎಂದು ಕೇಳಿ. ಅಬೂ ಉಮೈರ್‌ನ ಹಕ್ಕಿಯನ್ನು ವಿಚಾರಿಸಿದವರ ಸುನ್ನತ್ ಅದು.

ಮರುದಿನ ಯುವಕನಿಗೆ ನಾನು ಹೇಳಿದ್ದಿಷ್ಟೆ: "ಶಾಲೆ ಬದಲಿಸುವುದು ಆಮೇಲೆ. ಮೊದಲು ಮನೆಗೆ ಹೋಗಿ ನೆಲದ ಮೇಲೆ ಕೂತುಕೋ. ಅವಳು ಬರದಿದ್ದರೂ ಕೂತಿರು. ಅವಳ ಅಡುಗೆ ಆಟದಲ್ಲಿ ನೀನು ಅತಿಥಿಯಾಗು. ತಪ್ಪಾಯಿತು ಬೇಟಾ ಎಂದು ಹೇಳು. ಮಕ್ಕಳ ಮುಂದೆ ತಲೆ ತಗ್ಗಿಸಿದರೆ ತಂದೆ ಚಿಕ್ಕವನಾಗುವುದಿಲ್ಲ."

ಒಂದು ವಾರದ ಬಳಿಕ ಅವನು ಸಿಕ್ಕಿದ. ಮೊದಲ ಎರಡು ದಿನ ಅವಳು ಹತ್ತಿರ ಬರಲಿಲ್ಲವಂತೆ. ಮೂರನೆಯ ದಿನ ಖಾಲಿ ಲೋಟವೊಂದನ್ನು ತಂದು ಅವನ ಮುಂದಿಟ್ಟಳಂತೆ. "ಚಾಚಾ, ನಾಲ್ಕು ಲೋಟ ಚಹಾ ಕುಡಿದೆ. ಎಣಿಸಿದ್ದು ಅವಳೇ," ಎಂದ. ಬಾಗಿಲಿಗೆ ಓಡಿ ಬರುತ್ತಾಳೆಯೇ ಎಂದು ಕೇಳಿದೆ. "ಇನ್ನೂ ಇಲ್ಲ. ಬಂದು ಮೂಲೆಯಲ್ಲಿ ನಿಂತು ನೋಡುತ್ತಾಳೆ. ಇನ್ಶಾ ಅಲ್ಲಾಹ್, ಓಡಿ ಬಂದೇ ಬರುತ್ತಾಳೆ," ಎಂದ.

ಪ್ರಿಯ ಓದುಗರೇ, ಮಕ್ಕಳು ನಮ್ಮ ಸೊತ್ತಲ್ಲ, ನಮ್ಮ ಬಳಿ ಇಟ್ಟಿರುವ ಅಮಾನತ್. ಪ್ರತಿಯೊಬ್ಬ ಪಾಲಕನೂ ತನ್ನ ಪಾಲನೆಯಲ್ಲಿರುವವರ ಬಗ್ಗೆ ನಾಳೆ ಪ್ರಶ್ನಿಸಲ್ಪಡುವನು. ಅಂದು ನಮ್ಮ ಮುಂದೆ ನಿಲ್ಲುವುದು ನೂರರವರೆಗೆ ಬರೆದ ಕಾಪಿ ಪುಸ್ತಕವಲ್ಲ, ಹೆದರಿದ ಅಥವಾ ಅರಳಿದ ಒಂದು ಮನಸ್ಸು.

ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿ ಬೆಳೆಸುವ ತಾಳ್ಮೆಯನ್ನೂ, ಅವರಿಗೆ ನಾವು ಮಾಡಿದ ಅನ್ಯಾಯವನ್ನು ಸರಿಪಡಿಸಿಕೊಳ್ಳುವ ಅವಕಾಶವನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.